ಗಿರಣಿ ಕೊಟ್ಟ ಕಾರು

ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಾಗ ಮೊದಲು ನನ್ನ ಆರೋಗ್ಯವನ್ನು ವಿಚಾರಿಸುತ್ತಾರೆ. ಆಮೇಲೆ ಅಂಗಳದಲ್ಲಿ ತಗಡಿನ ಚಪ್ಪರದ ಕೆಳಗೆ ನಿಂತಿರುವ ಬಿಳಿಯ ಕಾಂಟೆಸ್ಸಾ ಕಾರಿನತ್ತ ನೋಡಿ, "ಇದು ಯಾರದು ಸಾರ್?" ಎಂದು ಕೇಳುತ್ತಾರೆ. ಅರ್ಧ ವೃತ್ತಿಜೀವನವನ್ನು ಸೈಕಲ್ಲಿನ ಮೇಲೂ ಉಳಿದರ್ಧವನ್ನು ಒಂದು ಸ್ಕೂಟರಿನ ಮೇಲೂ ಕಳೆದ ಮೇಷ್ಟರ ಮನೆಯಲ್ಲಿ ಇಂಥದೊಂದು ವಾಹನವನ್ನು ಕಂಡರೆ ಯಾರಿಗಾದರೂ ಕುತೂಹಲ ಹುಟ್ಟುವುದು ಸಹಜವೇ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಇಲ್ಲಿ ಬರೆದಿಟ್ಟರೆ ಅನುಕೂಲವೆಂದು ಇದನ್ನು ಬರೆಯುತ್ತಿದ್ದೇನೆ. ಬಂಧುಗಳಲ್ಲಿ ಕೆಲವರಿಗೆ ಅರ್ಧ ಕಥೆ ಗೊತ್ತಿದೆ; ಉಳಿದರ್ಧವನ್ನು ಅವರೂ ತಿಳಿಯಲಿ.

ಕಾರು ನನ್ನದಲ್ಲ, ನಮ್ಮ ಅಕ್ಕನದು. ಅದಕ್ಕೂ ಮೊದಲು ಭಾವನವರದು. ಅದಕ್ಕೂ ಮೊದಲು, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಒಂದು ಹತ್ತಿಗಿರಣಿಯದು. ಭಾವನವರು ಅಲ್ಲಿ ಮ್ಯಾನೇಜರಾಗಿದ್ದರು. 1990ರ ಫೆಬ್ರವರಿಯಲ್ಲಿ ಗಿರಣಿಯವರು ಅವರ ಓಡಾಟಕ್ಕೆಂದು ಈ ಕಾರನ್ನು ಕೊಂಡರು. ಅಂದು ಕಾಂಟೆಸ್ಸಾ ಎಂದರೆ ಮಂತ್ರಿಗಳು, ಗಿರಣಿ ಮಾಲೀಕರು, ಚಿತ್ರನಟರು ಕೂರುವ ಗಾಡಿ. ಮಾರುತಿ 800 ಬೀದಿಗಿಳಿದು ಆರು ವರ್ಷವಾಗಿತ್ತು. ಆದರೆ ಅದು ಸಂಸಾರಸ್ಥರ ಕಾರು. ಅಂಬಾಸಿಡರ್ ಸರಕಾರದ ಕಾರು. ಕಾಂಟೆಸ್ಸಾದ ಹಿಂದಿನ ಸೀಟಿನಲ್ಲಿ ಕುಳಿತವನು ಬೇರೆಯ ಮನುಷ್ಯನೆಂದು ನೋಡಿದವರಿಗೆ ತಾನಾಗಿ ತಿಳಿಯುತ್ತಿತ್ತು.

ಇದರ ವಂಶಾವಳಿಯೂ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ವಿಕ್ಟರ್ ಎಂಬ ಕಾರಿನ ಹೊಸ ಮಾದರಿಯೊಂದನ್ನು ಹೊರತಂದಿತು. 1976ರಲ್ಲಿ ಅದಕ್ಕೇ ವಿ.ಎಕ್ಸ್. ಎಂಬ ಹೆಸರಿಟ್ಟು 1978ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಅದರ ಅಚ್ಚುಗಳು ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್‌ಗೆ ಬಂದು, 1984ರಲ್ಲಿ ಕಾಂಟೆಸ್ಸಾ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಇಂಗ್ಲೆಂಡಿನಲ್ಲಿ ಸಾಧಾರಣ ಮಧ್ಯಮವರ್ಗದವರ ವಾಹನವಾಗಿದ್ದುದು ಇಲ್ಲಿ ದೊಡ್ಡವರ ಪಲ್ಲಕ್ಕಿಯಾಯಿತು! ಮೊದಲ ಕಾಂಟೆಸ್ಸಾಗಳಿಗೆ ಅಂಬಾಸಿಡರಿನ 1489 ಸಿ.ಸಿ. ಎಂಜಿನನ್ನೇ ಕೂರಿಸಿದ್ದರು. ಹೋರಿ ಎಳೆಯಬೇಕಾದ ಬಂಡಿಗೆ ಕರುವನ್ನು ಹೂಡಿದಂತೆ. ಕೆಲವು ವರ್ಷಗಳ ನಂತರ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಎಂಜಿನ್ ಮತ್ತು ಐದು ಗೇರುಗಳು ಬಂದಾಗ ಅದಕ್ಕೆ ಮೈಗೆ ತಕ್ಕ ಉಸಿರು ಸಿಕ್ಕಿತು. ನಮ್ಮದು ಈ ಎರಡನೆಯ ಬಗೆಯದು. 2002ರ ಹೊತ್ತಿಗೆ ಕಾಂಟೆಸ್ಸಾ ತಯಾರಿಕೆ ನಿಂತಿತು. ಉತ್ತರಪಾಡಾದ ಕಾರ್ಖಾನೆಯೇ 2014ರಲ್ಲಿ ಕೆಲಸ ನಿಲ್ಲಿಸಿತು. ಎಂದರೆ ಈ ಕಾರಿಗೆ ಈಗ ತವರುಮನೆಯೂ ಇಲ್ಲ, ಅಜ್ಜನ ಮನೆಯೂ ಇಲ್ಲ.

ಗಿರಣಿ 1999ರಲ್ಲಿ ಮುಚ್ಚಿತು. ಅದಕ್ಕೂ ಹಿಂದಿನ ಹದಿನಾಲ್ಕು ತಿಂಗಳಿನಿಂದ ಭಾವನವರಿಗೆ ಸಂಬಳ ಬಂದಿರಲಿಲ್ಲ. ಕೊನೆಗೆ ಮಾಲೀಕರು ಕರೆಸಿ, ಬಾಕಿಯ ಬದಲಿಗೆ ಕಾರನ್ನು ಇಟ್ಟುಕೊಳ್ಳಿರೆಂದು ಒಂದು ಪತ್ರ ಬರೆದುಕೊಟ್ಟರು. ಒಂಬತ್ತು ವರ್ಷ ಹಳೆಯ, ಲೀಟರಿಗೆ ಎಂಟು ಕಿಲೋಮೀಟರ್ ಓಡುವ ಕಾರು! ಡ್ರೈವರನ ಸಂಬಳವನ್ನೂ ಪೆಟ್ರೋಲನ್ನೂ ಗಿರಣಿ ಕೊಡುತ್ತಿದ್ದಾಗ ಅದು ಐಶ್ವರ್ಯ. ಸಂಬಳವಿಲ್ಲದವನ ಮನೆಯ ಮುಂದೆ ನಿಂತಾಗ ಬಿಳಿಯಾನೆ. ಬಣ್ಣವೂ ಬಿಳಿಯದೇ ಆಗಿದ್ದರಿಂದ ನಮ್ಮ ನೆಂಟರಿಗೆ ಹಾಸ್ಯಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ.

ಭಾವನವರು ಆಗ ಮಾರಬಹುದಿತ್ತು. ಮಾರಲಿಲ್ಲ. ಓಡಿಸಲೂ ಇಲ್ಲ. ಸುಮಾರು ಒಂದು ವರ್ಷ ಕಾರು ಪಿ.ಜೆ. ಬಡಾವಣೆಯ ಮನೆಯ ಕಾಂಪೌಂಡಿನೊಳಗೆ ಬಟ್ಟೆ ಹೊದ್ದು ನಿಂತಿತ್ತು. ಗಿರಣಿಯ ನೂರಾರು ಕಾರ್ಮಿಕರಿಗೆ ಬರಬೇಕಾದ ಬಾಕಿ ಒಂದು ಕಾಸೂ ಬಂದಿರಲಿಲ್ಲ. ಅವರಲ್ಲಿ ಹಲವರು ಅದೇ ಬೀದಿಯಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು, ಮಂಡಕ್ಕಿ ಭಟ್ಟಿಗಳಲ್ಲಿ ಕೂಲಿಗೆ ಸೇರಿದ್ದರು. ಅವರೆದುರಿಗೆ ಆ ಕಾರಿನಲ್ಲಿ ಕುಳಿತು ಹೋಗಲು ಭಾವನವರಿಗೆ ಮುಖವಿರಲಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ; ತರಕಾರಿ ತರಲು ನಡೆದೇ ಹೋಗುತ್ತಿದ್ದರು, ಅಷ್ಟೆ.

2000ದ ಬೇಸಿಗೆಯಲ್ಲಿ ನೂಲುವ ವಿಭಾಗದಲ್ಲಿದ್ದ ಒಬ್ಬ ಕಾರ್ಮಿಕ ಮಗಳ ಮದುವೆಯ ಕರೆಯೋಲೆ ಹಿಡಿದು ಬಂದ. ಹೊರಡುವಾಗ ಬಾಗಿಲಲ್ಲಿ ನಿಂತು, "ಸಾಹೇಬ್ರೆ, ಮದುಮಕ್ಳನ್ನ ಕರ್ಕೊಂಡ್ ಬರಾಕ ಕಾರ್ ಕೊಡ್ತೀರೇನು? ಪೆಟ್ರೋಲ್ ನಾ ಹಾಕ್ತೀನಿ" ಎಂದು ಕೇಳಿದ. ಭಾವನವರು ಕೊಟ್ಟರು, ತಾವೇ ಓಡಿಸಿಕೊಂಡೂ ಹೋದರು. ಮದುಮಗಳ ತಂದೆ ಮುಂದಿನ ಸೀಟಿನಲ್ಲಿ, ಮಾಜಿ ಮ್ಯಾನೇಜರು ಸ್ಟೇರಿಂಗಿನ ಹಿಂದೆ. ಆ ವರ್ಷವೇ ಇನ್ನೂ ಆರು ಮದುವೆಗಳಾದವು. ಅಲ್ಲಿಂದ ಮುಂದೆ ಅದೊಂದು ರೂಢಿಯಾಯಿತು. ಗಿರಣಿಯಲ್ಲಿ ದುಡಿದವರ ಮನೆಯ ಮದುವೆಯಾದರೆ ಕಾಂಟೆಸ್ಸಾ ಬರುತ್ತದೆ. ಪೆಟ್ರೋಲು ಅವರದು, ಬಾಡಿಗೆ ಇಲ್ಲ. (ಖಾಸಗಿ ನೋಂದಣಿಯ ಗಾಡಿಗೆ ಬಾಡಿಗೆ ಪಡೆಯುವುದು ಕಾನೂನಿಗೆ ವಿರುದ್ಧವೂ ಹೌದು. ಭಾವನವರು ಅದನ್ನು ಮುಂದೊಡ್ಡಿ, ಬಲವಂತದಿಂದ ಹಣ ಕೊಡಲು ಬಂದವರನ್ನು ಸುಮ್ಮನಾಗಿಸುತ್ತಿದ್ದರು.)

ಅವರು ಗಿರಣಿಯ ಹಳೆಯ ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಎಡಪುಟದಲ್ಲಿ ರಿಪೇರಿ, ಬಲಪುಟದಲ್ಲಿ ಪ್ರಯಾಣ. 2000ದಿಂದ 2019ರವರೆಗೆ ಬಲಪುಟಗಳಲ್ಲಿ ನೂರ ಹನ್ನೆರಡು ಮದುವೆಗಳಿವೆ, ನಾಲ್ಕು ಹೆರಿಗೆಗಳಿವೆ, ಆಸ್ಪತ್ರೆಯಿಂದ ಮನೆಗೆ ತಂದ ಒಂದು ಹೆಣವೂ ಇದೆ. ಎಡಪುಟಗಳನ್ನು ಓದಿದರೆ ಹಳೆಯ ಕಾರನ್ನು ಸಾಕುವುದೆಂದರೇನು ಎಂಬುದು ಅರ್ಥವಾಗುತ್ತದೆ. ಆಸಕ್ತಿಯಿಲ್ಲದವರು ಮುಂದಿನ ಮೂರು ಪ್ಯಾರಾಗಳನ್ನು ದಾಟಿ ಹೋಗಬಹುದು. ಆದರೆ ನನ್ನ ತರಗತಿಯಲ್ಲಿ ಕುಳಿತವರು ದಾಟಲಾರರೆಂದು ನಂಬಿದ್ದೇನೆ.

ಹೊರಗಿನವರು ಎಂಜಿನ್ನೇ ದೊಡ್ಡ ತೊಂದರೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಇದೇ ಇಸುಜು ಎಂಜಿನ್ನನ್ನು ತೊಂಬತ್ತರ ದಶಕದಲ್ಲಿ ಅಂಬಾಸಿಡರಿಗೂ ಹಾಕಿದ್ದರಿಂದ ಅದರ ಬಿಡಿಭಾಗಗಳು ಬಹುಕಾಲ ಸಿಗುತ್ತಿದ್ದವು, ಹುಡುಕಿದರೆ ಈಗಲೂ ಸಿಗುತ್ತವೆ. ಕಷ್ಟವಿರುವುದು ಚರ್ಮದ್ದು, ಕೀಲುಗಳದ್ದು. ಮುದುಕರಿಗೂ ಅಷ್ಟೇ ತಾನೆ? ಬಾಗಿಲಿನ ಸುತ್ತಲ ರಬ್ಬರ್ ಬೀಡಿಂಗು ಗಟ್ಟಿಯಾಗಿ ಸೀಳುತ್ತದೆ. ಮಳೆನೀರು ಒಳಗಿಳಿದು ಕಾಲಡಿಯ ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ. ಮೇಲೆ ನೋಡಿದರೆ ಎಲ್ಲವೂ ಒಣಗಿದಂತೆ ಕಂಡರೂ ಕೆಳಗೆ ತಗಡು ತುಕ್ಕು ಹಿಡಿಯುತ್ತಿರುತ್ತದೆ. ಕಬ್ಬಿಣ, ನೀರು, ಆಮ್ಲಜನಕ: ಎಂಟನೆಯ ತರಗತಿಯ ಪಾಠವೇ. ಡಿಕ್ಕಿಯ ತಳ 2007ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಟಿಂಕರಿಂಗಿಗೆ ಹೋಗಿದೆ. ರಸ್ತೆಯುಬ್ಬುಗಳಂತೂ ಈ ಕಾರಿನ ಹುಟ್ಟುಶತ್ರುಗಳು. ಮೈ ನಾಲ್ಕೂವರೆ ಮೀಟರು ಉದ್ದ, ಹೊಟ್ಟೆ ತಗ್ಗು. ಐದು ಜನ ಕುಳಿತರೆ ಸೈಲೆನ್ಸರು ನೆಲ ಸವರುತ್ತದೆ. ಸೈಲೆನ್ಸರಿನ ಖರ್ಚು ಪುಸ್ತಕದಲ್ಲಿ ಒಂಬತ್ತು ಕಡೆ ಇದೆ.

ಹವಾನಿಯಂತ್ರಣದ ಕಥೆ ಬೇರೆ. ಅದರಲ್ಲಿದ್ದುದು ಆರ್-12 ಎಂಬ ಕ್ಲೋರೋಫ್ಲೋರೋ ಕಾರ್ಬನ್ ಅನಿಲ. ಓಝೋನ್ ಪದರವನ್ನು ಉಳಿಸಲು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಆದ ಒಪ್ಪಂದದ ಪ್ರಕಾರ ಜಗತ್ತು ಅದನ್ನು ಕ್ರಮೇಣ ಕೈಬಿಟ್ಟಿತು. ಆ ಪಾಠವನ್ನು ನಾನು ಶಾಲೆಯಲ್ಲಿ ಬಹಳ ಉತ್ಸಾಹದಿಂದ ಮಾಡುತ್ತಿದ್ದೆ. ಅದರ ಪರಿಣಾಮವಾಗಿ ಭಾವನವರು ಬೆವರಿದರು! ಹೊಸ ಅನಿಲಕ್ಕೆ ಬದಲಾಯಿಸಬೇಕಾದರೆ ಕಂಪ್ರೆಸರಿನ ಎಣ್ಣೆ, ರಬ್ಬರ್ ಉಂಗುರಗಳು ಎಲ್ಲವನ್ನೂ ಬದಲಿಸಬೇಕು. ಅವರು ಗಾಜು ಇಳಿಸಿಕೊಂಡೇ ಉಳಿದ ವರ್ಷಗಳನ್ನು ಕಳೆದರು. ಮದುಮಗಳ ಮುಖದ ಪೌಡರು ಕರಗುತ್ತದೆಂದು ದೂರು ಬಂದಾಗ ಅಕ್ಕ ಒಂದು ಬೀಸಣಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟಳು. ಅದು ಈಗಲೂ ಅಲ್ಲಿಯೇ ಇದೆ.

ಓಡಿಸುವ ಸುಖವನ್ನೂ ಹೇಳಬೇಕು, ಇಲ್ಲವಾದರೆ ಬರಿಯ ರೋಗಿಯ ಚೀಟಿಯಾದೀತು. ನಿಲ್ಲಿಸುವಾಗ, ತಿರುಗಿಸುವಾಗ ಸ್ಟೇರಿಂಗು ಬಾವಿಯ ಗಡಗಡೆಯಷ್ಟು ಭಾರ. ಆದರೆ ಹರಿಹರ ದಾಟಿ ಹೆದ್ದಾರಿಗೆ ಬಿದ್ದು ಐದನೆಯ ಗೇರಿಗೆ ಬಂದ ಮೇಲೆ, ಎದುರಿಗೆ ಚಪ್ಪಟೆಯಾಗಿ ಹಾಸಿಕೊಂಡ ಆ ಉದ್ದನೆಯ ಬಾನೆಟ್ಟು, ದೋಣಿಯಲ್ಲಿ ತೂಗಿದಂತೆ ಸಣ್ಣಗೆ ತೂಗುವ ಮೈ. ಅವಸರ ಮಾಡಬೇಕೆಂದು ಅನಿಸುವುದೇ ಇಲ್ಲ. ಹಿಂದಿನ ಸೀಟಿನ ಮೆತ್ತೆಯಲ್ಲಿ ಮುಳುಗಿ ಕುಳಿತವರು ಎದ್ದೇಳಲು ಕೈಹಿಡಿಯಬೇಕು. ಮಧ್ಯದಲ್ಲಿ ಕುಳಿತವನ ಪಾಡು ಮಾತ್ರ ಕಷ್ಟದ್ದು. ಎಂಜಿನ್ನಿನ ಶಕ್ತಿ ಹಿಂಚಕ್ರಕ್ಕೆ ಹೋಗುವ ಕಾರಾದ್ದರಿಂದ ಕಾಲ ಕೆಳಗೆ ದೊಡ್ಡ ದಿಬ್ಬವಿದೆ. ಮದುವೆಯಲ್ಲಿ ಆ ಜಾಗ ಸಾಮಾನ್ಯವಾಗಿ ಸೋದರಮಾವನಿಗೆ ಮೀಸಲು.

ಇಂಥ ಕಾರನ್ನು ಇಟ್ಟುಕೊಂಡವರು ಹೇಗೋ ಒಬ್ಬರನ್ನೊಬ್ಬರು ಪತ್ತೆಮಾಡಿಕೊಳ್ಳುತ್ತಾರೆ. ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರ ಬಳಿ 1985ರ ಕಾಂಟೆಸ್ಸಾ ಇದೆ, ಹಳೆಯ ಪುಟ್ಟ ಎಂಜಿನ್ನಿನದು. ಚಾರ್ಮಾಡಿ ಘಾಟಿಯನ್ನು ಎರಡನೆಯ ಗೇರಿನಲ್ಲಿ ಹತ್ತುತ್ತಾ ಅರ್ಧದಾರಿಯಲ್ಲಿ ನಿಂತು ರೇಡಿಯೇಟರನ್ನು ತಣಿಸಿಕೊಳ್ಳುವುದು ಅವರಿಗೆ ನಿತ್ಯನೇಮ. "ಜಲಪಾತ ನೋಡಲು ನಿಂತೆ ಅಂದ್ಕೊಂಡರೆ ಆಯ್ತು ಬಿಡಿ ಮೇಷ್ಟ್ರೇ" ಎನ್ನುತ್ತಾರೆ. ಶಿವಮೊಗ್ಗದ ವೈದ್ಯರೊಬ್ಬರದು ಡೀಸೆಲ್ ಕಾಂಟೆಸ್ಸಾ. ಅದರ ಸದ್ದಿಗೆ ಅವರು ಮನೆ ಸೇರುವ ಹತ್ತು ನಿಮಿಷ ಮೊದಲೇ ಅವರ ಹೆಂಡತಿ ಕಾಫಿಗೆ ನೀರಿಡುತ್ತಾರಂತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿ ಅಂಗಡಿಗಳಲ್ಲೋ ಯಾರಿಗಾದರೂ ಏನಾದರೂ ಸಿಕ್ಕರೆ ಉಳಿದವರಿಗೆ ಸುದ್ದಿ ಹೋಗುತ್ತದೆ. ಬೆಳೆಗಾರರಿಗೆ ನಾವು ಒಂದು ಬಾಗಿಲಿನ ಹಿಡಿ ಕೊಟ್ಟೆವು. ಅವರು ನಮಗೆ ಮುಂದಿನ ಗಾಜಿನ ರಬ್ಬರು ಕೊಟ್ಟರು. ಕಾಯಿಲೆಯವರ ವಾರ್ಡಿನಲ್ಲಿ ಹಾಲು-ಬ್ರೆಡ್ಡು ಹಂಚಿಕೊಂಡಂತೆ.

ಭಾವನವರು 2023ರಲ್ಲಿ ತೀರಿಕೊಂಡರು. ಅಕ್ಕ ದೊಡ್ಡ ಮನೆಯನ್ನು ಮಾರಿ ಎರಡು ಕೋಣೆಯ ಮನೆಗೆ ಹೋದಳು. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಪುಣೆಯಲ್ಲಿರುವ ನನ್ನ ಸೋದರಳಿಯ ಗುಜರಿಗೆ ಕೊಡೋಣವೆಂದ. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. "ಮಾವ, ಇದರಲ್ಲಿ ಏರ್‌ಬ್ಯಾಗ್ ಇಲ್ಲ. ಹಿಂದೆ ಕೂತೋರಿಗೆ ಬೆಲ್ಟೂ ಇಲ್ಲ. ಒಂದು ಮದುವೆ ಗಾಡಿ ಅಪಘಾತ ಆದ್ರೆ ಯಾರು ಹೊಣೆ? ಹೊಗೆ ಬೇರೆ" ಎಂದ. ದೆಹಲಿಯಲ್ಲಾಗಿದ್ದರೆ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರಿನ ಓಡಾಟಕ್ಕೆ ನ್ಯಾಯಾಲಯವೇ 2018ರಲ್ಲಿ ತಡೆಹಾಕಿತ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ಮೂವತ್ತೈದು ಸಾವಿರವೆಂದ. ಬೆಂಗಳೂರಿನಿಂದ ಬಂದ ಇಬ್ಬರು ಹುಡುಗರು ಎರಡು ಲಕ್ಷಕ್ಕೆ ಕೇಳಿದರು. ಕಪ್ಪು ಬಣ್ಣ ಬಳಿದು, ಅಗಲವಾದ ಚಕ್ರ ಹಾಕಿ, ಬೇರೆ ದೊಡ್ಡ ಎಂಜಿನ್ ಕೂರಿಸುತ್ತಾರಂತೆ. ಅಮೆರಿಕದ ಸಿನಿಮಾ ಕಾರಿನಂತೆ ಕಾಣುತ್ತದೆಂದು ಫೋನಿನಲ್ಲಿ ಚಿತ್ರ ತೋರಿಸಿದರು. ಒಳ್ಳೆಯ ಹುಡುಗರೇ.

ಅಕ್ಕ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ನನಗೆ ಫೋನು ಮಾಡಿ, "ತಮ್ಮಾ, ಅವರು ಜೀವ ತೇಯ್ದ ಗಿರಣಿ ಅವರಿಗೆ ಕೊಟ್ಟಿದ್ದು ಇದೊಂದೇ. ಬೇರೆಯವರಿಗೆ ಇದೂ ಕೊಡಲಿಲ್ಲ. ನಾನು ಅದನ್ನ ಮಾರಿ ದುಡ್ಡು ಎಣಿಸಲಾ?" ಎಂದಳು. ಕಾರು ಹರಿಹರಕ್ಕೆ, ನನ್ನ ಅಂಗಳಕ್ಕೆ ಬಂದುದು ಹೀಗೆ. ಸೋದರಳಿಯನ ಮಾತಿಗೂ ಬೆಲೆ ಕೊಟ್ಟು ಹಿಂದಿನ ಸೀಟಿಗೆ ಬೆಲ್ಟುಗಳನ್ನು ಹಾಕಿಸಿದೆವು. ರಾತ್ರಿಯ ಪ್ರಯಾಣವನ್ನೂ, ಅರವತ್ತು ಕಿಲೋಮೀಟರಿಗಿಂತ ದೂರದ ಊರುಗಳನ್ನೂ ನಿಲ್ಲಿಸಿದೆವು.

ನೋಂದಣಿಯ ಅವಧಿ 2025ರ ಫೆಬ್ರವರಿಗೆ ಮುಗಿಯುವುದಿತ್ತು. ಖಾಸಗಿ ಕಾರಿನ ನೋಂದಣಿ ಮೊದಲು ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. ಮಾಲೀಕರು ತೀರಿಕೊಂಡಿದ್ದರಿಂದ ಹೆಸರು ಬದಲಾವಣೆಗೆ ನಮೂನೆ 31, ನವೀಕರಣಕ್ಕೆ ನಮೂನೆ 25. ಹಿಂದೆ ಆರುನೂರು ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಿಂದ ಐದು ಸಾವಿರವಾಗಿತ್ತು. ನಾವು ಕಟ್ಟಿದ ಕೆಲವೇ ತಿಂಗಳಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಹತ್ತು ಸಾವಿರವಾಯಿತು. ತಪಾಸಣೆಯ ದಿನ ಇನ್ಸ್‌ಪೆಕ್ಟರು ದೀಪ, ಹಾರನ್ನು, ಬ್ರೇಕು ನೋಡಿ, ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು ತೆಗೆಸಿಕೊಂಡರು. ಆದರೆ ಅದಕ್ಕೂ ಒಂದು ವಾರ ಮೊದಲು ಹಿಂಭಾಗದ ಕೀಲಿನ ಬುಷ್ಷುಗಳು ಪೂರ್ತಿ ಸವೆದು, ಕಾರು ಓಡುವಾಗ ಬಾಲ ಅಲ್ಲಾಡಿಸುತ್ತಿತ್ತು. ಆ ಬುಷ್ಷು ಎಲ್ಲಿಯೂ ಇಲ್ಲ. 1990ರಿಂದ ಈ ಕಾರನ್ನು ನೋಡಿಕೊಂಡ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ, ಕಣ್ಣು ಮಂಜು; ಅವನ ಮಗ ಹೊಸ ಕಾರುಗಳ ಷೋರೂಮಿನಲ್ಲಿ ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವವನು, ಕಾರ್ಬುರೇಟರನ್ನು ಬಿಚ್ಚಿ ಗೊತ್ತಿಲ್ಲ. ಮೇಸ್ತ್ರಿ ಬೆರಳಿನಿಂದ ಮುಟ್ಟಿ ಮುಟ್ಟಿ ಅಳತೆ ಹೇಳಿದ, ನಾನು ಬರೆದುಕೊಂಡೆ.

ಹರಿಹರದಲ್ಲಿ ಲೇತ್ ಅಂಗಡಿ ಇಟ್ಟಿರುವವನು ನನ್ನ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ನೋಟುಪುಸ್ತಕದ ಹಿಂದೆ ಯಂತ್ರಗಳ ಚಿತ್ರ ಬರೆಯುತ್ತಿದ್ದ. ಹಳೆಯ ಬುಷ್ಷನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಮ್ಯಾನೇಜರ್ ಸಾಹೇಬ್ರ ಕಾರಲ್ವಾ ಸಾರ್?" ಎಂದ. ಹೌದೆಂದೆ. "ನಮ್ಮಪ್ಪಾನೂ ಅಲ್ಲೇ ಇದ್ದದ್ದು. ಇಪ್ಪತ್ತಾರು ವರ್ಷ. ಕೋರ್ಟಿಗೆ ಅಲೆದೂ ಅಲೆದೂ ಸತ್ತ. ನಿಮ್ಮ ಭಾವನೋರಿಗೆ ಕಾರಾದ್ರೂ ಸಿಕ್ತು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳತೆ ಹೇಳಿದಂತೆ ಹೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ಅವನೂ ಉತ್ತರಕ್ಕಾಗಿ ಕಾಯಲಿಲ್ಲ. ಲೇತಿಗೆ ಪಾಲಿಯುರೆಥೇನಿನ ದಂಡವನ್ನು ಸಿಕ್ಕಿಸಿ, ಎರಡು ತಾಸಿನಲ್ಲಿ ನಾಲ್ಕು ಬುಷ್ಷು ಕಡೆದುಕೊಟ್ಟ. ಹಣ ತೆಗೆದುಕೊಂಡ, ನ್ಯಾಯವಾದ ಬೆಲೆ. ಅವನ ತಂಗಿಯ ಮದುವೆ 2004ರ ಪುಟದಲ್ಲಿದೆ ಎಂಬುದನ್ನು ಮನೆಗೆ ಬಂದ ಮೇಲೆ ಪುಸ್ತಕದಲ್ಲಿ ಕಂಡೆ. ಅವನಿಗೆ ಅದು ಗೊತ್ತೇ ಇರುತ್ತದೆ. ಅವನಾಗಿ ಎತ್ತಲಿಲ್ಲ, ನಾನೂ ಹೋಗಿ ಹೇಳಲಿಲ್ಲ.

ಈಗಿನ ತಲೆನೋವು ಪೆಟ್ರೋಲಿನದು. 2000ದ ಫೆಬ್ರವರಿಯಲ್ಲಿ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂದಾಗ ಈ ಎಂಜಿನ್ ತಾಳಿಕೊಂಡಿತು. ಈಗ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಇಂಧನ ಬಂದಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿಗೆ ಇದು ಕೆಡುಕು. ಕಳೆದ ಮಳೆಗಾಲದಲ್ಲಿ ಕಾರ್ಬುರೇಟರಿನ ತಳದಲ್ಲಿ ಬಿಳಿಯ ಪುಡಿಯಂಥ ಕಿಲುಬು ಸಿಕ್ಕಿತು. ಪೆಟ್ರೋಲ್ ಪೈಪುಗಳೆಲ್ಲವನ್ನೂ ಎಥೆನಾಲ್ ತಾಳುವಂಥವಕ್ಕೆ ಬದಲಾಯಿಸಿದ್ದೇನೆ. ಭಾನುವಾರ ಬೆಳಿಗ್ಗೆ ತುಂಗಭದ್ರಾ ಸೇತುವೆಯವರೆಗೆ ಹೋಗಿ ಬರುತ್ತೇನೆ, ಹಳೆಯ ಇಂಧನ ತಳದಲ್ಲಿ ನಿಲ್ಲದಿರಲೆಂದು. ಎಡಪುಟದ ಬರವಣಿಗೆ ಈಗ ನನ್ನದು. ಬಲಪುಟದಲ್ಲಿ ಈ ವರ್ಷ ಮೂರು ಮದುವೆಗಳು, ಮೂರೂ ಕಾರ್ಮಿಕರ ಮೊಮ್ಮಕ್ಕಳವು.

ಕಡೆಯದಾಗಿ ಒಂದು ಕೋರಿಕೆ. ಹಿಂಬದಿಯ ಎಡಗಡೆಯ ದೀಪದ ಕೆಂಪು ಮುಚ್ಚಳ ಕಳೆದ ತಿಂಗಳು ಕಲ್ಯಾಣ ಮಂಟಪದ ಮುಂದೆ ಎತ್ತಿನ ಕೊಂಬು ತಾಗಿ ಒಡೆದಿದೆ. ಸದ್ಯಕ್ಕೆ ಕೆಂಪು ಗಾಜುಕಾಗದ ಅಂಟಿಸಿದ್ದೇನೆ. ಮುಂದಿನ ಮದುವೆ ಇದೇ ತಿಂಗಳ ಇಪ್ಪತ್ತೆರಡಕ್ಕೆ. ನಿಮ್ಮ ಊರಿನ ಯಾವುದಾದರೂ ಶೆಡ್ಡಿನಲ್ಲಿ, ತೋಟದ ಮನೆಯ ಹಿಂದೆ, ಹಳೆಯ ಕಾಂಟೆಸ್ಸಾ ನಿಂತಿರುವುದನ್ನು ಕಂಡವರು ದಯವಿಟ್ಟು ನನಗೆ ತಿಳಿಸಿ. ಬಲಗಡೆಯದು ಬೇಡ, ಎಡಗಡೆಯದೇ ಬೇಕು.